ಜೂನ್ ಒಂದರ ಹುಡುಗಿ

ಆ ಹುಡುಗಿಯ ಹೆಸರಿನ ಮೇಲೆ ಕೆಂಪು ಬಣ್ಣ ಬಳಿದದ್ದು ಕಂಪ್ಯೂಟರ್. ಹಾಗೆ ಬಳಿ ಎಂದು ಅದಕ್ಕೆ ಹೇಳಿಕೊಟ್ಟದ್ದು ನಮ್ಮ ಮುಖ್ಯ ಕೋಚ್. ಆ ಕೆಂಪನ್ನು ತಂದೆತಾಯಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಮ್ಯಾನೇಜರ್. ಅವಳ ಓಟ, ಜಿಗಿತ, ದಮ್ಮು ಎಲ್ಲವನ್ನೂ ಅಳೆದು ಅಂಕಿ ಕೊಟ್ಟವಳು ಮಾತ್ರ ನಾನು. ಇದನ್ನು ಬರೆಯುವ ಹೊತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ.

ಗೋವಾದ ವಾಸ್ಕೋದಲ್ಲಿ ಒಂದು ಫುಟ್‌ಬಾಲ್ ಅಕಾಡೆಮಿಯಲ್ಲಿ ನಾನು ಆಗ ಫಿಟ್‌ನೆಸ್ ಕೋಚ್. ಹದಿನೈದು ವರ್ಷದೊಳಗಿನ ಹುಡುಗಿಯರ ತಂಡ ನನ್ನ ಪಾಲಿಗೆ ಬಂದಿತ್ತು. ಅಕಾಡೆಮಿಯಲ್ಲಿ ಜಾಗ ಸಿಕ್ಕ ಮಕ್ಕಳಿಗೆ ಹಾಸ್ಟೆಲ್, ಊಟ, ಹತ್ತಿರದ ಶಾಲೆಯಲ್ಲಿ ಓದು. ಸ್ಥಳೀಯ ಮಕ್ಕಳಿಗೆ ಇದು ಆಟ ಕಲಿಯುವ ಜಾಗ. ಕರ್ನಾಟಕದಿಂದ ಕೂಲಿಗೆ ಬಂದು ಕಟ್ಟಡದಿಂದ ಕಟ್ಟಡಕ್ಕೆ ಗಂಟುಮೂಟೆ ಹೊತ್ತು ತಿರುಗುವ ನಮ್ಮ ಕಡೆಯವರ ಮಕ್ಕಳಿಗೆ ಒಂದೇ ಕಡೆ ನಿಂತು ಶಾಲೆ ಮುಗಿಸುವ ದಾರಿ. ನಾನೂ ವಾಸ್ಕೋದ ವಲಸಿಗರ ಕೇರಿ ಮಂಗೋರ್ ಹಿಲ್ಲಿನಲ್ಲಿ ಬೆಳೆದವಳು. ವಿಜಯಪುರದ ಕಡೆಯಿಂದ ಬಂದ ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಮೈ ಸವೆಸಿದರು. ಹಾಗಾಗಿ ತಂಡದ ಕನ್ನಡದ ಹುಡುಗಿಯರು ಮೈದಾನದೊಳಗೆ ನನ್ನನ್ನು ಕೋಚ್ ಎಂದರೂ ಗೇಟು ದಾಟಿದೊಡನೆ ಅಕ್ಕೋರ ಎನ್ನುತ್ತಿದ್ದರು. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವುದು ಹಾಗೆ.

ನಾನು ಹೇಳುತ್ತಿರುವ ಹುಡುಗಿ ಎಡಗಾಲಿನವಳು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ನೋಡಿಟ್ಟುಕೊಳ್ಳುವ ಕಣ್ಣು ಅವಳದು. ಅವಳು ಕೊಟ್ಟ ಚೆಂಡು ಓಡುವವಳ ಹೆಜ್ಜೆಗೆ ಸರಿಯಾಗಿ ಹೋಗಿ ಕೂರುತ್ತಿತ್ತು. ಇದನ್ನು ಯಾವ ಯಂತ್ರವೂ ಅಳೆಯುವುದಿಲ್ಲ. ತಂದೆ ಇಲ್ಲ. ತಾಯಿ ಫೋಂಡಾದಲ್ಲಿ ಗೋಡೆಗೆ ಗಿಲಾಯ ಬಳಿಯುವವರ ಕೈಕೆಳಗೆ ಸಿಮೆಂಟು ಹೊರುತ್ತಿದ್ದರು. ಅಕ್ಕ ಏಳನೇ ಇಯತ್ತೆಗೆ ಶಾಲೆ ಬಿಟ್ಟು ತಾಯಿಯ ಜೊತೆ ಬುಟ್ಟಿ ಹಿಡಿದಾಗಿತ್ತು. ಹಾಸ್ಟೆಲಿನ ಜಾಗ ಹೋದರೆ ತಂಗಿಯ ಕೈಗೂ ಬುಟ್ಟಿ ಬರುವುದು ಖಂಡಿತ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹದಿನೈದು ತುಂಬುವವರನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹದಿನೇಳರ ತಂಡಕ್ಕೆ ಏರಿಸಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಅಲ್ಲಿಯವರೆಗೆ ಇದನ್ನು ಕೋಚ್‌ಗಳು ಆಟ ನೋಡಿ ತೀರ್ಮಾನಿಸುತ್ತಿದ್ದರು. ಜಗಳ ಆಗುತ್ತಿತ್ತು, ತಪ್ಪೂ ಆಗುತ್ತಿತ್ತು, ಆದರೆ ಆಟ ನೋಡುತ್ತಿದ್ದರು. ಆ ವರ್ಷ ಮುಖ್ಯ ಕೋಚ್ ಎಲ್ಲೋ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದರು. ಬರುವಾಗ ಹೊಸ ಸಾಫ್ಟ್‌ವೇರ್ ಒಂದನ್ನು ತಂದರು. ಪರೀಕ್ಷೆಯ ಅಂಕಿಗಳನ್ನು ತುಂಬಿದರೆ ಅದು ಹಸಿರು, ಹಳದಿ, ಕೆಂಪು ಎಂದು ಮಕ್ಕಳನ್ನು ಬೇರೆ ಮಾಡುತ್ತಿತ್ತು. ಇನ್ನು ಮುಂದೆ ಮುಲಾಜು ಇಲ್ಲ, ಎಲ್ಲ ವಿಜ್ಞಾನ ಎಂದು ಮೀಟಿಂಗಿನಲ್ಲಿ ಹೇಳಿದರು. ಈ ಪರೀಕ್ಷೆ ಇರುವುದು ಯಾರಿಗೆ ಎಷ್ಟು ಓಟ ಕೊಡಬೇಕು, ಯಾರಿಗೆ ವಿಶ್ರಾಂತಿ ಬೇಕು ಎಂದು ತಿಳಿಯುವುದಕ್ಕೆ, ಮಕ್ಕಳನ್ನು ಸೋಸುವುದಕ್ಕಲ್ಲ ಎಂದು ನಾನು ಅಂದೆ. ಜರಡಿಯೂ ಒಂದು ಸಾಧನವೇ ಎಂದು ಅವರು ನಕ್ಕರು. ಜ್ವರ ನೋಡು ಎಂದು ಥರ್ಮಾಮೀಟರ್ ಕೊಟ್ಟರೆ ಅದರಲ್ಲೇ ರೋಗಿಯ ತಲೆಗೆ ಹೊಡೆಯುವ ಜನ ಇದ್ದಾರೆ ಎಂದು ಅವತ್ತೇ ಅನ್ನಿಸಿತು.

ಮೇ ತಿಂಗಳಲ್ಲಿ ಪರೀಕ್ಷೆ ಮಾಡಿದೆವು. ಬಿಸಿಲೇರುವ ಮೊದಲೇ ಮುಗಿಸಬೇಕೆಂದು ಬೆಳಗಾಗುತ್ತಿದ್ದಂತೆ ಕೆಂಪು ಮಣ್ಣಿನ ಮೈದಾನಕ್ಕೆ ನೀರು ಚಿಮುಕಿಸಿ, ಟೇಪು ಹಿಡಿದು ಗೆರೆ ಹಾಕಿದೆ. ಮೂವತ್ತು ಮೀಟರ್ ಓಟಕ್ಕೆ ಟೈಮಿಂಗ್ ಗೇಟು ನಿಲ್ಲಿಸಿದೆ. ಎರಡು ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆ ಇರುತ್ತದೆ, ಓಡುವವರ ಸೊಂಟ ಅದನ್ನು ಕಡಿದಾಗ ವೇಳೆ ದಾಖಲಾಗುತ್ತದೆ. ಗೆರೆಯ ಎತ್ತರವನ್ನು ದೊಡ್ಡ ಹುಡುಗಿಯರಿಗೆ ಇಟ್ಟರೆ ಗಿಡ್ಡ ಹುಡುಗಿಯರ ಬೀಸುವ ಕೈ ಮೊದಲೇ ಅದನ್ನು ಕಡಿಯುತ್ತದೆ, ಅಂಕಿ ಹಾಳಾಗುತ್ತದೆ. ಹಾಗಾಗಿ ಒಬ್ಬೊಬ್ಬರಿಗೂ ಎತ್ತರ ಸರಿಮಾಡಿಕೊಂಡೇ ಓಡಿಸಿದೆ. ಮ್ಯಾಟಿನ ಮೇಲೆ ನಿಂತಲ್ಲಿಂದ ಜಿಗಿತ. ಕೊನೆಗೆ ಬೀಪ್ ಟೆಸ್ಟ್: ಸ್ಪೀಕರಿನಿಂದ ಬೀಪ್ ಬರುವುದರೊಳಗೆ ಆ ಗೆರೆ ಮುಟ್ಟಬೇಕು, ಮುಂದಿನ ಬೀಪಿಗೆ ಈ ಗೆರೆ. ಬೀಪ್ ಬರಬರುತ್ತ ಬೇಗವಾಗುತ್ತದೆ, ಉಸಿರು ಕಟ್ಟಿದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ.

ಎಡಗಾಲಿನ ಹುಡುಗಿ ಓಟದಲ್ಲಿ ಎಲ್ಲರಿಗಿಂತ ಹಿಂದೆ, ಜಿಗಿತದಲ್ಲೂ ಹಿಂದೆ. ದಮ್ಮಿನಲ್ಲಿ ಮಾತ್ರ ನಡುವೆ ಎಲ್ಲೋ ನಿಂತಳು. ಎರಡನೇ ಓಟದಲ್ಲಿ ತನ್ನದೇ ಕಾಲಿಗೆ ಕಾಲು ತೊಡರಿ ಮುಗ್ಗರಿಸಿದಳು. ಮುಖ್ಯ ಕೋಚ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಅವಳ ಬೂಟು ನೋಡುತ್ತಿದ್ದೆ. ದೀಪಾವಳಿಗೆ ಕೊಟ್ಟ ಬೂಟು ಆಗಲೇ ಬೆರಳು ಕಚ್ಚುತ್ತಿತ್ತು.

ಓಟ ಜಿಗಿತಗಳ ಜೊತೆ ನಾನು ಇನ್ನೊಂದು ಅಳತೆಯನ್ನೂ ಮಾಡುತ್ತಿದ್ದೆ. ಗೋಡೆಗೆ ನಿಲ್ಲಿಸಿ ಎತ್ತರ, ಮರದ ಪೆಟ್ಟಿಗೆಯ ಮೇಲೆ ಕೂರಿಸಿ ಕೂತ ಎತ್ತರ, ತೂಕ. ಮಕ್ಕಳು ಸರ್ರನೆ ಬೆಳೆಯುವ ಕಾಲ ಬಂದಾಗ ಮೊದಲು ಕಾಲು ಉದ್ದವಾಗುತ್ತದೆ, ಬೆನ್ನು ಆಮೇಲೆ. ಆ ಹೊತ್ತಿನಲ್ಲಿ ಮೈ ಅವರ ಮಾತು ಕೇಳುವುದಿಲ್ಲ. ಹಿಂದಿನ ವರ್ಷ ಚಂದ ಓಡಿದವಳು ಈ ವರ್ಷ ಎಡವುತ್ತಾಳೆ. ಈ ಅಳತೆಗಳಿಗೆ ವಯಸ್ಸನ್ನು ಸೇರಿಸಿದರೆ ಮಗು ಬೆಳವಣಿಗೆಯ ಯಾವ ಮೆಟ್ಟಿಲಿನಲ್ಲಿದೆ ಎಂದು ಒಂದು ಅಂದಾಜು ಸಿಗುತ್ತದೆ. ಸಾಫ್ಟ್‌ವೇರ್ ಇವಳ ಲೆಕ್ಕ ಹಾಕಿ, ಬೆಳೆಯುವ ಕಾಲ ಮುಗಿದಿದೆ ಎಂದಿತು. ಕೆಂಪು ಬಣ್ಣ ಬಳಿಯಿತು.

ಅದೇ ಸಂಜೆ ಫೋಂಡಾದಿಂದ ಅವಳ ತಾಯಿಯ ಫೋನು ಬಂತು. ಆ ಹೆಂಗಸಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬಣ್ಣ ನೋಡಲು ಬರುತ್ತದೆ.

"ಅಕ್ಕೋರ, ಎಲ್ಲಾರ್ದು ಹಸರು ಐತಿ, ನಮ್ಮಾಕಿದು ಯಾಕ ಕೆಂಪು ಮಾಡ್ಯಾರ್ರಿ? ನಪಾಸೇನ್ರಿ?"

ಇನ್ನೂ ತೀರ್ಮಾನ ಆಗಿಲ್ಲ ಅಕ್ಕಾ ಎಂದೆ. ಫೋನು ಇಟ್ಟ ಮೇಲೆ ಮ್ಯಾನೇಜರಿನ ಮೇಲೆ ಕೆಂಡದಂಥ ಸಿಟ್ಟು ಬಂತು. ಮಕ್ಕಳ ಹೆಸರಿಗೆ ಬಣ್ಣ ಬಳಿದು ಊರಿಗೆಲ್ಲ ತೋರಿಸುವ ಹಕ್ಕು ಇವರಿಗೆ ಕೊಟ್ಟವರು ಯಾರು? ಮರುದಿನ ಕೇಳಿದಾಗ ಅವರು ಪಾರದರ್ಶಕತೆ ಎಂದರು. ಎಂಥ ಒಳ್ಳೆಯ ಮಾತನ್ನು ಎಂಥ ಕೆಲಸಕ್ಕೆ ಹಚ್ಚಿದರು ನೋಡಿ.

ಕಂಪ್ಯೂಟರಿನ ಮಾತು ನನಗೆ ನಂಬಿಕೆಯಾಗಲಿಲ್ಲ. ನಾನು ಮೂರು ತಿಂಗಳಿಗೊಮ್ಮೆ ಅಳೆದ ಎತ್ತರಗಳು ಬೇರೆಯೇ ಕಥೆ ಹೇಳುತ್ತಿದ್ದವು. ಅವಳು ಈಗಷ್ಟೇ ಬೆಳೆಯಲು ಹೊರಟಿದ್ದಳು. ಕಾಲು ಮುಂದೆ ಓಡಿತ್ತು, ಬೆನ್ನು ಇನ್ನೂ ಹೊರಟಿರಲಿಲ್ಲ. ಬೆಳೆದು ಮುಗಿದ ಹುಡುಗಿಯ ಬೂಟು ಆರು ತಿಂಗಳಲ್ಲಿ ಬಿಗಿಯಾಗುವುದಿಲ್ಲ. ಅಳತೆ ಸರಿ, ಸೂತ್ರ ಸರಿ, ಹಾಗಾದರೆ ತಪ್ಪಿರುವುದು ವಯಸ್ಸು. ಹುಟ್ಟಿದ ದಿನದ ಕಡೆ ಕಣ್ಣು ಹೋದಾಗ ನಗು ಬಂತು. ಜೂನ್ ಒಂದು.

ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಬಂದವರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ. ಶಾಲೆ ಶುರುವಾಗುವ ದಿನವೇ ಮಗು ಹುಟ್ಟಿದ ದಿನ. ನನ್ನದೂ ಅದೇ, ನನ್ನ ಅಣ್ಣನದೂ ಅದೇ. ನಮ್ಮ ತಂಡದ ಕನ್ನಡದ ಹುಡುಗಿಯರಲ್ಲಿ ಮುಕ್ಕಾಲು ಪಾಲು ಅದೇ. ಮುಖ್ಯ ಕೋಚ್ ಒಮ್ಮೆ ಇದನ್ನು ನೋಡಿ, ನಿಮ್ಮ ಊರಿನಲ್ಲಿ ಬೇರೆ ದಿನ ಹೆರಿಗೆಯೇ ಆಗುವುದಿಲ್ಲವೇ ಎಂದು ಗೇಲಿ ಮಾಡಿದ್ದರು. ನಾನೂ ನಕ್ಕಿದ್ದೆ.

ಹಿಂದಿನ ಡಿಸೆಂಬರಿನ ಪಂದ್ಯಾವಳಿಗೆ ಮುಂಚೆ ಎಲ್ಲ ಹುಡುಗಿಯರ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆಸಿದ್ದರು. ವಯಸ್ಸು ಮೀರಿದವರನ್ನು ಚಿಕ್ಕವರೆಂದು ಆಡಿಸುವ ಮೋಸ ಎಲ್ಲ ಕಡೆ ಇರುವುದರಿಂದ ಮೂಳೆ ನೋಡಿ ಹಿಡಿಯುತ್ತಾರೆ. ಮ್ಯಾನೇಜರಿನ ಬಳಿ ಇವಳದು ಕೊಡಿ ಎಂದೆ. ಪಾಸಾಗಿದ್ದಾಳಲ್ಲ, ಮತ್ತೇಕೆ ಎಂದರು. ಒತ್ತಾಯ ಮಾಡಿದ ಮೇಲೆ ಕಪಾಟಿನಿಂದ ತೆಗೆದುಕೊಟ್ಟರು. ಅದರ ಫೋಟೋ ತೆಗೆದುಕೊಂಡು, ಅದನ್ನು ವಾಪಸು ಕಪಾಟಿಗೆ ಸೇರಿಸಿ, ಫೋಟೋವನ್ನು ಪರಿಚಯದ ಮೂಳೆ ವೈದ್ಯರಿಗೆ ತೋರಿಸಿದೆ. ಕಾಗದದ ವಯಸ್ಸನ್ನು ಹೇಳಿದಾಗ ಅವರು ತಲೆಯಾಡಿಸಿದರು. ಈ ಮೂಳೆ ಅಷ್ಟು ದೊಡ್ಡದಲ್ಲ, ಬೆಳೆಯುವ ಜಾಗ ಇನ್ನೂ ಪೂರ್ತಿ ತೆರೆದಿದೆ ಎಂದರು. ಒಂದೋ ಇವಳು ತಡವಾಗಿ ಬೆಳೆಯುವವಳು, ಇಲ್ಲವೇ ಕಾಗದ ಸುಳ್ಳು, ಚಿತ್ರ ನೋಡಿ ಅದನ್ನು ಹೇಳಲಾಗದು ಎಂದರು. ಎರಡರಲ್ಲಿ ಯಾವುದಾದರೂ ಅವಳನ್ನು ಈಗ ಓಡಿಸಿ ಕೈಬಿಡುವುದು ಮೂರ್ಖತನವೇ ಆಗಿತ್ತು. ಆರು ತಿಂಗಳು ಆ ಚಿತ್ರ ನಮ್ಮ ಆಫೀಸಿನ ಕಪಾಟಿನಲ್ಲಿತ್ತು. ದೊಡ್ಡವಳೇ ಎಂದು ಕೇಳಲು ಎಲ್ಲರಿಗೂ ಗೊತ್ತಿತ್ತು, ಚಿಕ್ಕವಳೇ ಎಂದು ಕೇಳಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಭಾನುವಾರ ಬಸ್ಸು ಹಿಡಿದು ಫೋಂಡಾಕ್ಕೆ ಹೋದೆ. ಕಟ್ಟುತ್ತಿದ್ದ ಕಟ್ಟಡದ ನೆಲಮಹಡಿಯಲ್ಲೇ ತಗಡು ಅಡ್ಡ ನಿಲ್ಲಿಸಿ ತಾಯಿ ಮನೆ ಮಾಡಿಕೊಂಡಿದ್ದರು. ದೊಡ್ಡ ಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ ತಿನ್ನಿಸದೆ ಮಾತಿಗೆ ಕೂರಲು ಬಿಡಲಿಲ್ಲ. ತಿಂದು ಕೈ ತೊಳೆದು, ಸಣ್ಣವಳು ಖರೆ ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ತಾಯಿ ಹಿರಿಮಗಳ ಕಡೆ ಒಮ್ಮೆ ನೋಡಿದರು.

"ಎಳ್ಳ ಅಮಾಸಿಗಿ ಹುಟ್ಟ್ಯಾಳ್ರಿ. ಹೊಲಕ್ಕ ಚರಗ ಚೆಲ್ಲಾಕ ಹೋಗಿದ್ರು, ನಾ ಒಬ್ಬಾಕೇ ಮನ್ಯಾಗಿದ್ದೆ."

ಹೊಲಕ್ಕೆ ಎಡೆ ಚೆಲ್ಲುವ ಆ ಹಬ್ಬ ಬರುವುದು ಡಿಸೆಂಬರ್ ಕೊನೆಗೋ ಜನವರಿಗೋ. ಕಾಗದದಲ್ಲಿ ಜೂನ್ ಇದೆಯಲ್ಲ ಎಂದೆ. ತಾರೀಖು ಮಾತ್ರವಲ್ಲ, ವರ್ಷವೂ ಬೇರೆ ಎಂದು ಆಗ ಗೊತ್ತಾಯಿತು. ಗಂಡ ತೀರಿಕೊಂಡಿದ್ದ. ಊರಿನಲ್ಲಿ ಕೂಲಿಗೆ ಹೋದರೆ ಸಣ್ಣದನ್ನು ನೋಡಿಕೊಳ್ಳುವವರು ಇರಲಿಲ್ಲ, ದೊಡ್ಡವಳನ್ನು ಶಾಲೆ ಬಿಡಿಸಬೇಕಾಗುತ್ತಿತ್ತು. ಸಣ್ಣದನ್ನೂ ಅಕ್ಕನ ಜೊತೆ ಶಾಲೆಗೆ ಕೂರಿಸಿದರೆ ಇಬ್ಬರೂ ಒಂದೇ ಸೂರಿನಡಿ ಇರುತ್ತಾರೆ, ಮಧ್ಯಾಹ್ನದ ಊಟವೂ ಸಿಗುತ್ತದೆ. ಆದರೆ ಅದಕ್ಕೆ ವಯಸ್ಸು ಸಾಲದು. ತಾಯಿ ಆರು ವರ್ಷ ಎಂದರು, ಮಾಸ್ತರರು ಮಗುವನ್ನು ಮೇಲಿಂದ ಕೆಳಗೆ ನೋಡಿ, ನಕ್ಕು, ಬರೆದುಕೊಂಡರು. ನಾಲ್ಕೂವರೆಯ ಮಗು ಆರಾಯಿತು.

"ದೊಡ್ಡಾಕಿ ಸಾಲಿ ಬಿಡಬಾರದಂತ ಸಣ್ಣಾಕಿಗೆ ವಯಸ್ಸು ಕೊಟ್ವಿರಿ ಅಕ್ಕೋರ. ಅದು ಇಲ್ಲಿಗಿ ಬಂದು ಅಡ್ಡ ಬರ್ತೈತಿ ಅಂತ ನಮಗೇನ್ ಗೊತ್ತು?"

ಆ ದೊಡ್ಡ ಮಗಳು ಒಲೆಯ ಮುಂದಿನಿಂದ ತಿರುಗಿ ನೋಡಲಿಲ್ಲ. ಅವಳು ಶಾಲೆ ಬಿಟ್ಟು ಆಗಲೇ ಕೆಲವು ವರ್ಷ ಆಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ನಾನು ಹುಚ್ಚಿಯ ಹಾಗೆ ಖುಷಿಪಟ್ಟೆ. ಹದಿಮೂರೂವರೆಯ ಹುಡುಗಿಯನ್ನು ಹದಿನೈದರವರ ಜೊತೆ ಓಡಿಸಿ, ಹದಿನೇಳರ ತಂಡದ ಅಳತೆಗೆ ಹಚ್ಚಿ ಕೆಂಪು ಬಳಿದಿದ್ದರು. ಅಂಥವಳು ದಮ್ಮಿನಲ್ಲಿ ನಡುವೆ ನಿಂತಿದ್ದಳು, ಆಟದಲ್ಲಿ ಎಲ್ಲರಿಗೂ ಚೆಂಡು ಹಂಚುತ್ತಿದ್ದಳು. ಇದಕ್ಕಿಂತ ದೊಡ್ಡ ಪ್ರತಿಭೆ ಬೇಕೇ? ಇದನ್ನು ಕೇಳಿದರೆ ಮುಖ್ಯ ಕೋಚ್ ಕುಣಿದಾಡುತ್ತಾರೆ ಎಂದುಕೊಂಡೆ.

ಮುಖ್ಯ ಕೋಚ್ ಕುಣಿಯಲಿಲ್ಲ. ಆಫೀಸಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. ಈ ಹುಡುಗಿಗೆ ಎರಡು ಹುಟ್ಟಿದ ದಿನ ಇದೆ ಎಂದು ಹೊರಗೆ ಗೊತ್ತಾದರೆ ಅದಕ್ಕೆ ವಯಸ್ಸಿನ ಮೋಸ ಎನ್ನುತ್ತಾರೆ, ಅವಳು ಎಲ್ಲಿಯೂ ಆಡದಂತೆ ನಿಷೇಧ ಬರುತ್ತದೆ, ಅವಳು ಆಡಿದ ಪಂದ್ಯಗಳೂ ಹೋಗುತ್ತವೆ ಎಂದರು. ಅವಳು ಚಿಕ್ಕವಳಾಗಿದ್ದುಕೊಂಡು ದೊಡ್ಡವರ ಜೊತೆ ಆಡಿದ್ದಾಳೆ, ಇದರಿಂದ ಯಾರಿಗೆ ಮೋಸ ಆಯಿತು ಎಂದು ಕೇಳಿದೆ. ಕಾಗದಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ ಎಂದರು. ಮುಖ್ಯ ಕೋಚ್ ಕೊಂಕಣಿಯಲ್ಲಿ ಒಂದು ಮಾತು ಆಡಿದರು. ಘಾಂಟಿಗಳ ಕಾಗದಗಳೇ ಹೀಗೆ, ಒಂದೂ ನೆಟ್ಟಗಿರುವುದಿಲ್ಲ ಎಂದು.

ಘಾಂಟಿ ಎಂದರೆ ಘಟ್ಟದ ಮೇಲಿನವರು. ಅರ್ಥ ಅಷ್ಟೇ, ಆದರೆ ಇಲ್ಲಿ ಅದನ್ನು ಯಾರೂ ಅರ್ಥಕ್ಕಾಗಿ ಹೇಳುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ, ಶಾಲೆಯ ನಲ್ಲಿಯ ಹತ್ತಿರ ಅದನ್ನು ಕೇಳುತ್ತಲೇ ನಾನು ದೊಡ್ಡವಳಾಗಿದ್ದೇನೆ. ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದ ಮನುಷ್ಯನ ಬಾಯಿಂದ, ನಾನು ಎದುರಿಗೆ ಕೂತಿರುವಾಗ ಕೇಳಿದ್ದು ಅದೇ ಮೊದಲು. ನನ್ನನ್ನು ಅಂದದ್ದಲ್ಲ ಎಂದು ಅವರು ಕೂಡಲೇ ಸೇರಿಸಿದರು. ಅದಕ್ಕೇ ಹೆಚ್ಚು ಮೈ ಉರಿಯಿತು.

ಹುಟ್ಟಿದ ದಿನ ತಿದ್ದುವ ದಾರಿ ಹೀಗೆ ಮುಚ್ಚಿಹೋಯಿತು. ಸತ್ಯ ಬಿಸಿ ತುಪ್ಪವಾಗಿ ನನ್ನ ಬಾಯಲ್ಲಿ ಕೂತಿತು, ನುಂಗಲೂ ಆಗದು, ಉಗುಳಲೂ ಆಗದು. ಕಾಗದದ ಮಾತು ಬಿಡಿ, ಮೈಯ ಮಾತು ಕೇಳಿ ಎಂದು ಬೇಡಿಕೊಂಡೆ. ಬೆಳವಣಿಗೆ ನೋಡಿ ಗುಂಪು ಮಾಡಿ ಒಂದು ಪಂದ್ಯ ಆಡಿಸೋಣ ಎಂದೆ. ಇದೇನು ನನ್ನ ತಲೆಯಿಂದ ಬಂದದ್ದಲ್ಲ, ಬೇರೆ ಕಡೆ ಮಾಡುತ್ತಾರೆ. ಮುಖ್ಯ ಕೋಚ್ ಬೇಡ ಎಂದರು.

ಅವರು ಪಣಜಿಗೆ ಮೀಟಿಂಗಿಗೆ ಹೋದ ದಿನ ನಾನೇ ಆಡಿಸಿದೆ. ಇನ್ನೂ ಬೆಳೆಯುತ್ತಿರುವವರು ಒಂದು ಕಡೆ, ಬೆಳೆದವರು ಇನ್ನೊಂದು ಕಡೆ ಎಂದು ಮೈದಾನವನ್ನು ಎರಡು ಮಾಡಿ, ಸಮಾನರ ನಡುವೆ ಎರಡು ಪಂದ್ಯ. ಎಡಗಾಲಿನ ಹುಡುಗಿ ಆ ಸಂಜೆ ಆಡಿದ್ದನ್ನು ನೋಡಬೇಕಿತ್ತು. ಭುಜ ಕೊಟ್ಟು ಕೆಡವುವವರು ಯಾರೂ ಇರಲಿಲ್ಲ. ಚೆಂಡು ಕೇಳಿ ತೆಗೆದುಕೊಂಡಳು, ತಲೆಯೆತ್ತಿ ನೋಡಿ ಕೊಟ್ಟಳು, ಇನ್ನೊಬ್ಬಳಿಗೆ ಕೈಮಾಡಿ ಜಾಗ ತೋರಿಸಿದಳು. ಯಾವತ್ತೂ ಬಾಯಿ ಬಿಡದವಳು ಅವತ್ತು ಮೈದಾನದ ತುಂಬ ಮಾತಾಡಿದಳು. ನಾನು ಮೊಬೈಲಿನಲ್ಲಿ ಎಲ್ಲ ಹಿಡಿದುಕೊಂಡೆ.

ಮರುದಿನ ಮುಖ್ಯ ಕೋಚ್ ಅದನ್ನು ಎರಡು ನಿಮಿಷ ನೋಡಿರಬಹುದು. ಸಣ್ಣವರ ಮೇಲೆ ಯಾರು ಬೇಕಾದರೂ ಮೆರೆಯುತ್ತಾರೆ ಎಂದು ಮೊಬೈಲು ವಾಪಸು ಕೊಟ್ಟರು. ದೊಡ್ಡವರ ಜೊತೆ ಹಿಂದೆ ಬಿದ್ದರೆ ಕೆಂಪು, ಸರೀಕರ ಜೊತೆ ಗೆದ್ದರೆ ಅದು ಗೆಲುವೇ ಅಲ್ಲ. ಇಂಥವರ ಎದುರು ಆ ಮಗು ಏನು ಮಾಡಿ ತೋರಿಸಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಮೊಳಕೆಯನ್ನು ಕಿತ್ತು ಅಳತೆಪಟ್ಟಿಯ ಮೇಲೆ ಮಲಗಿಸಿದವರಿಗೆ ಸಿರಿ ಎಲ್ಲಿಂದ ಕಾಣಬೇಕು.

ಕೊನೆಯ ಪಟ್ಟಿಗೆ ಮುಂಚೆ ಇನ್ನೊಂದು ಸುತ್ತಿನ ಪರೀಕ್ಷೆ ಇತ್ತು. ಆ ವಾರವಿಡೀ ನನ್ನೊಳಗೆ ಜಗ್ಗಾಟ ನಡೆಯಿತು. ಗೇಟಿನ ಎತ್ತರ ಸ್ವಲ್ಪ ಆಚೀಚೆ ಮಾಡಿದರೆ ಸಾಕು, ಅವಳ ಅಂಕಿ ಹಳದಿಗೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ಹಾಗೆ ಅವಳು ಉಳಿದರೆ ಇನ್ನೊಬ್ಬಳ ಜಾಗ ಹೋಗುತ್ತದೆ, ಅವಳೂ ಯಾರದೋ ಮಗಳೇ. ಅಳತೆ ಸುಳ್ಳಾಗಿರಲಿಲ್ಲ, ಅದನ್ನು ಓದುವವರು ಕುರುಡರಾಗಿದ್ದರು. ಹಾಗೆಂದು ಅಳತೆಯನ್ನೇ ಕೆಡಿಸಿದರೆ ನನ್ನ ಕೈಯಲ್ಲಿ ಇನ್ನೇನು ಉಳಿಯುತ್ತದೆ? ಕೊನೆಗೆ ಬೇರೆ ತೀರ್ಮಾನ ಮಾಡಿದೆ. ಪರೀಕ್ಷೆ ಮಾಡುತ್ತೇನೆ, ಪ್ರತಿ ಹುಡುಗಿಗೆ ಅವಳ ಅಂಕಿಯನ್ನು ಅವಳ ಹಿಂದಿನ ಅಂಕಿಯ ಪಕ್ಕದಲ್ಲಿಟ್ಟು ತೋರಿಸುತ್ತೇನೆ, ಯಾರನ್ನು ಇಟ್ಟುಕೊಳ್ಳಬೇಕೆಂದು ಆರಿಸಲು ಮಾತ್ರ ಒಂದೂ ಅಂಕಿ ಕೊಡುವುದಿಲ್ಲ ಎಂದು ಮುಖ್ಯ ಕೋಚ್‌ಗೆ ಹೇಳಿದೆ.

ಅವರಿಗೆ ನಂಬಲಾಗಲಿಲ್ಲ. ಆಮೇಲೆ ಕುಣಿಯಲು ಬಾರದವಳಿಗೆ ನೆಲ ಡೊಂಕು ಎನ್ನುವ ಅರ್ಥದ ಒಂದು ಕೊಂಕಣಿ ಗಾದೆ ಹೇಳಿದರು. ಮ್ಯಾನೇಜರ್ ಕೆಲಸದ ಕರಾರಿನ ಮಾತು ತೆಗೆದರು. ನಾನು ಗೇಟಿನ ಪೆಟ್ಟಿಗೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಬಂದೆ.

ನಾನಿಲ್ಲದಿದ್ದರೆ ಪರೀಕ್ಷೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಗೇಟು ಹೊಂದಿಸಲು ಬಾರದ ಮುಖ್ಯ ಕೋಚ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತಾವೇ ನಿಂತರು. ಸೀಟಿ ಊದಿ, ಒತ್ತಿ, ಓಡಿಸಿದರು. ಸ್ಟಾಪ್‌ವಾಚಿನಲ್ಲಿ ಎಲ್ಲರ ವೇಳೆಯೂ ಯಂತ್ರದ್ದಕ್ಕಿಂತ ಚೆನ್ನಾಗಿ ಬರುತ್ತದೆ, ಓಟ ಶುರುವಾದಾಗ ಒತ್ತುವ ಬೆರಳು ತಡವಾಗುತ್ತದಲ್ಲ. ಕೆಲವೇ ವಾರಗಳಲ್ಲಿ ತಂಡವೇ ವೇಗವಾಗಿದೆ ಎಂದು ಅವರು ಖುಷಿಯಿಂದ ಹೇಳುತ್ತಿದ್ದುದು ನನಗೆ ಬೇಲಿಯ ಆಚೆ ಕೇಳಿಸಿತು. ಮುಲಾಜಿಲ್ಲದ ವಿಜ್ಞಾನ ಎಂದರೆ ಇದು. ಎಡಗಾಲಿನ ಹುಡುಗಿ ಅದರಲ್ಲೂ ಕೊನೆಯವಳೇ. ಸಂಜೆ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ.

ತಾಯಿ ಟ್ರಂಕು ಒಯ್ಯಲು ಬಂದ ದಿನ ಮಳೆ ಹಿಡಿದಿತ್ತು. ಹುಡುಗಿ ಅಳಲಿಲ್ಲ. ಅಕಾಡೆಮಿಯ ಜರ್ಸಿ ಒಗೆದು ಮಡಚಿ ತಂದು ನನ್ನ ಕೈಗೆ ಕೊಟ್ಟಳು.

"ಅಕ್ಕೋರ, ನಾ ಇನ್ನಾ ಬೆಳಿತೇನಿ ಅಂದಿದ್ರಲ್ಲ. ಖರೇ ಅಂದಿದ್ರಿ, ಇಲ್ಲಾ ಸಮಾಧಾನಕ್ಕ ಅಂದಿದ್ರಿ?"

"ಖರೇನ ಐತಿ," ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ನಾನೇ ಅತ್ತುಬಿಡುತ್ತಿದ್ದೆ. ತಾಯಿಗೆ ಮಾತ್ರ ಒಂದು ಕೇಳಿಕೊಂಡೆ, ಫೋಂಡಾದಲ್ಲೇ ಶಾಲೆಗೆ ಹಾಕಿ, ಬುಟ್ಟಿ ಕೊಡಬೇಡಿ ಎಂದು. ಹೂಂ ಎಂದರು. ಬುಟ್ಟಿ ಕೊಡುವುದು ಬಿಡುವುದು ಅವರ ಕೈಯಲ್ಲಿದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ಮಳೆಗಾಲದಲ್ಲೇ ನನ್ನ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಫೋಂಡಾದ ಒಂದು ಸಣ್ಣ ಕ್ಲಬ್ಬಿಗೆ ಹುಡುಗಿಯರನ್ನು ತರಬೇತು ಮಾಡುವವರು ಬೇಕಾಗಿದ್ದರು. ಅಲ್ಲಿ ಗೇಟಿಲ್ಲ, ಮ್ಯಾಟಿಲ್ಲ. ಶಾಲೆಯ ಮೈದಾನ, ಒಂದಿಷ್ಟು ಕೋನು, ನನ್ನ ಟೇಪು. ಎಡಗಾಲಿನ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಶಾಲೆಗೆ ಹಾಕಿದ್ದರು, ಆದರೆ ರಜೆಯ ದಿನ ಬುಟ್ಟಿಯೂ ಹೊರುತ್ತಿದ್ದಳು. ತಾಯಿಯ ಜೊತೆ ಒಂದು ಒಪ್ಪಂದ ಆಯಿತು. ಶನಿವಾರ ಭಾನುವಾರ ಅವಳು ನನ್ನವಳು.

ಅಲ್ಲಿಯೂ ನಾನು ಪರೀಕ್ಷೆ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು, ಟೇಪು ಯಾವ ತಪ್ಪನ್ನೂ ಮಾಡಿಲ್ಲ. ಕ್ಲಬ್ಬಿನ ಗೋಡೆಯ ಮೇಲೆ ಒಬ್ಬೊಬ್ಬಳ ಎತ್ತರದ ಗೆರೆ ಎಳೆದೆ. ಯಾವಳ ಗೆರೆ ಸರ್ರನೆ ಏರುತ್ತಿದೆಯೋ ಅವಳಿಗೆ ಆ ತಿಂಗಳು ಜಿಗಿತ ಕಡಿಮೆ, ಚೆಂಡಿನ ಕೆಲಸ ಹೆಚ್ಚು. ಎಡವಿದರೆ ಬೈಗುಳ ಇಲ್ಲ. ಎಡಗಾಲಿನ ಹುಡುಗಿಯ ಗೆರೆ ಆ ವರ್ಷ ಮೇಲೆ ಹೋಯಿತು, ಮುಂದಿನ ವರ್ಷ ನನ್ನ ಭುಜ ದಾಟಿ ಕಿವಿಯ ಹತ್ತಿರ ಬಂತು. ಬೆನ್ನೂ ಕಾಲನ್ನು ಹಿಡಿಯಿತು. ಎಡವುವುದು ತಾನೇ ನಿಂತುಹೋಯಿತು. ಕಣ್ಣು ಮೊದಲಿನದೇ, ಎಡಗಾಲು ಮೊದಲಿನದೇ, ಈಗ ಅವುಗಳ ಕೆಳಗೆ ಒಂದು ಮೈಯೂ ಇತ್ತು. ಬೆವರಿಗೆ ತೊಂದರೆ ಎಂದು ಜಡೆ ಕತ್ತರಿಸಿ ಕೂದಲು ಗಿಡ್ಡ ಮಾಡಿಕೊಂಡಳು, ತಾಯಿ ಒಂದು ವಾರ ಬೈದರು.

ಎರಡನೇ ಮಳೆಗಾಲ ಕಳೆದ ಮೇಲೆ ಹದಿನೇಳರ ಒಳಗಿನವರ ಪಂದ್ಯಾವಳಿಯಲ್ಲಿ ನಮ್ಮ ಎದುರಿಗೆ ಬಂದದ್ದು ಅದೇ ಅಕಾಡೆಮಿ. ಅವರ ಹುಡುಗಿಯರ ಬೆನ್ನಿಗೆ ಓಟ ಅಳೆಯುವ ಜಿಪಿಎಸ್ ಬನಿಯನ್ನು. ನಮ್ಮವರ ಬನಿಯನ್ನಿಗೆ ಬೆನ್ನಿನಲ್ಲಿ ಅಂಕಿ ಅಂಟಿಸಿದ್ದೇ ಅರ್ಧ ಕಿತ್ತು ಬರುತ್ತಿತ್ತು. ಮುಖ್ಯ ಕೋಚ್ ನನಗೆ ಕೈಕೊಟ್ಟು ಹೇಗಿದ್ದೀರಿ ಎಂದು ಕೇಳಿದರು. ನಾನು ಚೆನ್ನಾಗಿದ್ದೇನೆ ಎಂದೆ.

ಮೊದಲರ್ಧದಲ್ಲಿ ನಮ್ಮ ಎಡಗಾಲಿನವಳು ಇಬ್ಬರ ನಡುವಿನಿಂದ ಚೆಂಡು ಕಳಿಸಿ ಒಂದು ಗೋಲು ಮಾಡಿಸಿದಳು. ಎರಡನೆಯದರಲ್ಲಿ ತಾನೇ ಓಡಿದಳು. ಹಸಿರು ಬಣ್ಣದವಳೆಂದು ಉಳಿಸಿಕೊಂಡಿದ್ದ ಡಿಫೆಂಡರ್ ಭುಜ ಕೊಟ್ಟಳು, ಇವಳು ಅಲುಗಾಡಲಿಲ್ಲ, ಚೆಂಡು ಬಲೆಗೆ ಹೋಯಿತು. ಆಟ ನಡೆಯುತ್ತಿರುವಾಗಲೇ ಮುಖ್ಯ ಕೋಚ್ ಗೆರೆಯ ಪಕ್ಕದಲ್ಲಿ ನನ್ನ ಕಡೆಗೆ ನಡೆದು ಬಂದರು. ಮುಖ ಕೆಂಪಾಗಿ ಕೆರಳಿತ್ತು. ಆ ಎತ್ತರದ ಹುಡುಗಿ ಯಾರು, ಎಲ್ಲಿಂದ ತಂದಿರಿ ಎಂದು ಕೇಳಿದರು. ನಾನು ಅವರ ಮುಖವನ್ನೇ ನೋಡಿದೆ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಎರಡು ವರ್ಷ ತಮ್ಮ ಕೈಕೆಳಗೆ ಆಡಿದ ಮಗು. ಮುಖ ಮರೆತಿರಲಿ, ಕೂದಲು ಕತ್ತರಿಸಿದ್ದಾಳೆ, ಎತ್ತರ ಬೆಳೆದಿದ್ದಾಳೆ. ಆ ಎಡಗಾಲನ್ನಾದರೂ ಗುರುತು ಹಿಡಿಯಬೇಕಿತ್ತು. ಆದರೆ ಅವರು ಅವಳನ್ನು ಯಾವತ್ತೂ ನೋಡಿರಲಿಲ್ಲ, ಅವಳ ಹೆಸರಿನ ಮುಂದಿನ ಬಣ್ಣವನ್ನು ನೋಡಿದ್ದರು.

ನಮ್ಮ ಹುಡುಗಿ ಎಂದಷ್ಟೇ ಹೇಳಿದೆ.

ಇವಳು ಹದಿನೇಳರ ಒಳಗಿನವಳಲ್ಲ ಎಂದು ಅವರು ರೇಗಿದರು. ಇಂಥ ಮೈ, ಇಂಥ ಓಟ, ಇದು ವಯಸ್ಸು ಮುಚ್ಚಿದ ಕೇಸು, ನಾನು ಇಲ್ಲಿಯೇ ದೂರು ಕೊಡುತ್ತೇನೆ ಎಂದರು. ಕಾಗದ ತೋರಿಸಿದರೆ ಅದರಲ್ಲಿ ಜೂನ್ ಒಂದು ಇರುತ್ತದೆ ಎಂದು ತಮಗೆ ಗೊತ್ತಿದೆ ಎಂದೂ ಸೇರಿಸಿದರು. ಆಮೇಲೆ ಕೈಬೆರಳು ಮೈದಾನದ ಕಡೆ ಚಾಚಿ, ಇವಳ ಮಣಿಕಟ್ಟಿನ ಎಕ್ಸ್-ರೇ ತೆಗೆಸಬೇಕು, ಇವತ್ತೇ ತೆಗೆಸಬೇಕು ಎಂದರು.

ಒಂದೂವರೆ ವರ್ಷದ ಸಿಟ್ಟು ನನ್ನಲ್ಲಿತ್ತು. ಕೂಗುತ್ತೇನೆ ಎಂದುಕೊಂಡಿದ್ದೆ, ಆದರೆ ಬಂದ ಮಾತು ಬಹಳ ಮೆಲ್ಲಗಿತ್ತು.

"ಅದನ್ನು ನೀವೇ ಆಗಲೇ ತೆಗೆಸಿದ್ದೀರಿ ಸರ್. ನಿಮ್ಮ ಆಫೀಸಿನ ಕಪಾಟಿನಲ್ಲಿದೆ, ಹೋಗಿ ನೋಡಿ."